ಖಾಲಿ ಎಂದು ನಾನು ಹೇಳಿದ ಕೋವಿ

ಇದರಲ್ಲಿ ನಡೆದದ್ದು ಎಷ್ಟು, ನನ್ನ ತಲೆ ಆಮೇಲೆ ಸೇರಿಸಿಕೊಂಡದ್ದು ಎಷ್ಟು ಎಂದು ಎದೆ ತಟ್ಟಿ ಹೇಳಲಾರೆ. ಆದರೆ ನಡೆದದ್ದಂತೂ ಹೌದು. ಆ ರಾತ್ರಿ ನನ್ನ ಜೊತೆ ಇನ್ನಿಬ್ಬರಿದ್ದರು. ಮೂವರನ್ನೂ ಬೇರೆಬೇರೆ ಕೂರಿಸಿ ಕೇಳಿದರೆ ಮೂರು ಕಥೆ ಬರುತ್ತದೆ... ಒಂದು ಮಾತು ಮಾತ್ರ ಮೂರರಲ್ಲೂ ಇರುತ್ತದೆ. ಕೋವಿ ಖಾಲಿ ಎಂದು ಹೇಳಿದವನು ನಾನು.

ನಾನು ಓದಿದ್ದು ಲೋಹಶಾಸ್ತ್ರ. ಊರು ತುಮಕೂರು, ಇರುವುದು ವಡೋದರಾದ ಫತೇಗಂಜ್‌ನಲ್ಲಿ. ಕಾರ್ಖಾನೆಗಳ ಪೈಪುಗಳು ಯಾಕೆ ತುಕ್ಕು ಹಿಡಿಯುತ್ತವೆ ಎಂದು ನೋಡುವುದು ನನ್ನ ಕೆಲಸ. ಇವತ್ತು ಸೂರತ್, ನಾಳೆ ಅಹಮದಾಬಾದ್. ದೆವ್ವ ಭೂತ ನಂಬುವವನಲ್ಲ. ಈಗಲೂ ನಂಬುವುದಿಲ್ಲ ಎಂದುಕೊಂಡೇ ಬರೆಯುತ್ತಿದ್ದೇನೆ.

ಕೋವಿ ನನ್ನ ಗುಜರಾತಿ ಗೆಳೆಯ ಕಿರೀಟ್‌ಭಾಯ್ ಅವರದು. ಅವರ ಮುತ್ತಜ್ಜನ ಕಾಲದ್ದು, ಇಂಗ್ಲೆಂಡಿನಲ್ಲಿ ಮಾಡಿದ ಬೇಟೆಯ ರೈಫಲ್. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಇಟ್ಟು, ಕೋಲಿನಿಂದ ಜಡಿದು, ಹಿಂದುಗಡೆ ಮದ್ದಿಗೆ ಕಿಡಿ ಕೊಡುವ ಕೇಪು ಕೂರಿಸಿ ಹೊಡೆಯುವಂಥದ್ದು. ಲೈಸೆನ್ಸ್ ಅವರ ಹೆಸರಿನಲ್ಲಿದೆ. ಮೂಲೆಯಲ್ಲಿ ತುಕ್ಕು ತಿನ್ನುತ್ತಿದ್ದುದನ್ನು ನಾನು ಒಂದು ಮಳೆಗಾಲವಿಡೀ ಕೂತು ರಿಪೇರಿ ಮಾಡಿದೆ.

ತುಕ್ಕು ತೆಗೆದಾಗ ಕಂಡಿತು: ನಳಿಗೆಯೊಳಗೆ ಎದುರುಬದುರಾಗಿ ಎರಡೇ ಎರಡು ಆಳವಾದ ಕಾಲುವೆ. ಇದಕ್ಕೆ ಬೇಕಾದ ಗುಂಡೇ ಬೇರೆ. ಸುತ್ತಲೂ ಒಡ್ಯಾಣದ ಹಾಗೆ ಪಟ್ಟಿ ಎದ್ದಿರುತ್ತದೆ. ಆ ಪಟ್ಟಿ ಕಾಲುವೆಗಳಲ್ಲಿ ಕೂತು ಗುಂಡು ತಿರುಗಿಕೊಂಡು ಹೋಗುತ್ತದೆ. ಅಂಥ ಗುಂಡು ಎರಕ ಹೊಯ್ಯುವ ಅಚ್ಚನ್ನು ಅವರ ಮನೆಯಲ್ಲಿ ಯಾರೂ ಕಂಡಿಲ್ಲ, ಅವರ ಅಜ್ಜ ಕೂಡ. ನಾವು ಗೋಲಿಯಂಥ ನುಣ್ಣನೆ ಗುಂಡನ್ನು ದಪ್ಪ ಬಟ್ಟೆಯ ಚೂರಿನಲ್ಲಿ ಸುತ್ತಿ ಹೊಡೆಯುತ್ತಿದ್ದೆವು. ಬಟ್ಟೆಯನ್ನು ಮೊದಲು ಬಾಯಲ್ಲಿಟ್ಟು ಒದ್ದೆ ಮಾಡಿಕೊಂಡರೆ ಗುಂಡು ಸಲೀಸಾಗಿ ಇಳಿಯುತ್ತದೆ.

ಮೂರನೆಯವರು ವೆಂಕಣ್ಣ. ಗದಗಿನವರು; ವಿಮೆ ಕಂಪನಿಯಲ್ಲಿ ವರ್ಗವಾಗಿ ಬಂದು, ನಿವೃತ್ತರಾಗಿ, ಇಲ್ಲೇ ಉಳಿದವರು. ಈ ಊರಿನಲ್ಲಿ ನನಗೆ ಅಣ್ಣ ಅಂತ ಯಾರಾದರೂ ಇದ್ದರೆ ಅವರೊಬ್ಬರೇ.

ಮಹಿ ನದಿಯ ಕೊರಕಲುಗಳ ಹತ್ತಿರ ಕಿರೀಟ್‌ಭಾಯ್ ಅವರ ಹೊಲವಿದೆ. ಅಲ್ಲಿ ಮಣ್ಣಿನ ದಿಬ್ಬಕ್ಕೆ ಗುರಿ ಇಟ್ಟು, ಆವತ್ತು ಬಿಸಿಲು ಇಳಿಯುವವರೆಗೆ ಹೊಡೆದೆವು. ಆಮೇಲೆ ಮದ್ದಿನ ಡಬ್ಬಿಯನ್ನು ಕಿರೀಟ್‌ಭಾಯ್ ಜೀಪಿನಲ್ಲಿಟ್ಟು ಬೀಗ ಹಾಕಿದರು. ನಾನು ಶೆಡ್ಡಿನಲ್ಲಿ ನಳಿಗೆಗೆ ಕುದಿಯುವ ನೀರು ಹೊಯ್ದು ತೊಳೆದೆ. ಕೊಳೆತ ಮೊಟ್ಟೆಯಂಥ ಆ ವಾಸನೆ ಇನ್ನೂ ಮೂಗಿನಲ್ಲಿದೆ.

ಒರೆಸಿದ ಮೇಲೆ ಕೋಲು ಇಳಿಬಿಟ್ಟೆ. ಇಂಥ ಕೋವಿ ತುಂಬಿದೆಯೋ ಇಲ್ಲವೋ ಎಂದು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕೋಲಿನಲ್ಲಿ ಒಂದು ಗೀರು ಹಾಕಿರುತ್ತೇವೆ. ಖಾಲಿಯಿದ್ದರೆ ಗೀರು ನಳಿಗೆಯ ಬಾಯಿಗೆ ಸರಿಯಾಗಿ ಬರುತ್ತದೆ. ತುಂಬಿದ್ದರೆ ನಾಲ್ಕು ಬೆರಳು ಮೇಲೆ ನಿಲ್ಲುತ್ತದೆ.

ಗೀರು ಬಾಯಿಗೆ ಬಂತು. ಟಣ್ ಎಂದು ಕಬ್ಬಿಣಕ್ಕೆ ತಾಗಿದ ಸದ್ದೂ ಕೇಳಿತು. "ಖಾಲಿ" ಎಂದು ಗಟ್ಟಿಯಾಗಿ ಹೇಳಿದೆ. ಹಾಗೆ ಹೇಳುವುದು ನಮ್ಮ ರೂಢಿ.

ಇದು ನನ್ನ ನೆನಪು...

ಮೂವರೂ ಒಟ್ಟಿಗೆ ಊಟಕ್ಕೆ ಹೋದೆವು. ಸಜ್ಜೆ ರೊಟ್ಟಿ, ಸುಟ್ಟ ಬದನೆಕಾಯಿ.

"ನಮ್ಮ ಜ್ವಾಳದ ರೊಟ್ಟಿ ಮುಂದ ಇದೇನಲ್ಲ ಬಿಡ್ರಿ," ಎಂದರು ವೆಂಕಣ್ಣ ಹಿಂದಿಯಲ್ಲೊಮ್ಮೆ, ನನಗಾಗಿ ಕನ್ನಡದಲ್ಲೊಮ್ಮೆ.

"ನಾಲ್ಕನೇದು ತಿನ್ನುವಾಗಲೂ ಇದೇ ಮಾತು," ಎಂದರು ಕಿರೀಟ್‌ಭಾಯ್, ಐದನೆಯದನ್ನು ಅವರ ತಟ್ಟೆಗೆ ಹಾಕುತ್ತ.

ಕತ್ತಲಾದ ಮೇಲೆ ಎಣ್ಣೆ ಹಚ್ಚಲು ಶೆಡ್ಡಿಗೆ ಬಂದೆವು. ಕೋವಿ ಮೇಜಿನ ಮೇಲಿತ್ತು. ಬಾಯಿ ಬಾಗಿಲ ಕಡೆಗಿತ್ತು. ಗೋಡೆಯ ಕಡೆಗೆ ಇಟ್ಟಿದ್ದೆ ಎಂದು ನನಗೆ ನೆನಪು. ಇದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕಿರೀಟ್‌ಭಾಯ್ ಬೆರಳ ತುದಿಯಲ್ಲಿ ಕೇಪು ಹಿಡಿದು ಕಾಯುತ್ತಿದ್ದರು. ಎಲ್ಲ ಮುಗಿದ ಮೇಲೆ ಬರೀ ಕೇಪು ಹೊಡೆದು ಒಳಗಿನ ತೇವ ಒಣಗಿಸುವುದು ಅವರ ಪದ್ಧತಿ. ಅದಕ್ಕೂ ಮೊದಲು ವೆಂಕಣ್ಣ ನಳಿಗೆಯ ಬಾಯಿಗೆ ಬಾಯಿಟ್ಟು ಊದುತ್ತಾರೆ. ಉಸಿರು ಕೇಪು ಕೂರುವ ಸಣ್ಣ ತೂತಿನಿಂದ ಸುಯ್ ಎಂದು ಹೊರಟರೆ ದಾರಿ ಶುದ್ಧವಾಗಿದೆ ಎಂದರ್ಥ.

"ಎಷ್ಟ್ ಒರಸ್ತಿಯೋ ಪಂಡಿತ, ನಳಗಿ ಸವದು ಸೂಜಿ ಆದೀತು," ಎಂದು ನನ್ನನ್ನು ಆಡಿಕೊಳ್ಳುತ್ತ ಕೋವಿ ಎತ್ತಿ ಬಾಯಿಟ್ಟರು. ಕೆನ್ನೆ ಉಬ್ಬಿತು.

ಸದ್ದು ಬರಲಿಲ್ಲ.

ಇನ್ನೊಮ್ಮೆ ಊದಿದರು. ತಟ್ಟನೆ ಮುಖ ಹಿಂದಕ್ಕೆಳೆದು ತುಟಿ ಒರೆಸಿಕೊಂಡರು.

"ಉಸರು ಹೋಗವಲ್ದು."

"ನೀರು ನಿಂತಿರಬೇಕು, ವೆಂಕಣ್ಣ."

"ನೀರಲ್ಲೋ..." ದನಿ ಇಳಿಸಿದರು. "ಒಳಗಿಂದ ಯಾರೋ ತಿರುಗಿ ಊದಿಧಂಗಾತು. ಬೆಚ್ಚಗ. ಲವಂಗದ ವಾಸನಿ."

ನಾನು ನಕ್ಕೆ. ನಗುತ್ತಲೇ ಕೋಲು ಇಳಿಬಿಟ್ಟೆ.

ಟಣ್ ಎನ್ನಲಿಲ್ಲ. ಮೆತ್ತಗೆ ಎಲ್ಲೋ ನಿಂತಿತು. ಗೀರು ನಳಿಗೆಯ ಬಾಯಿಂದ ನಾಲ್ಕು ಬೆರಳು ಮೇಲಿತ್ತು.

ಕಿರೀಟ್‌ಭಾಯ್ ಕೇಪನ್ನು ಅದರ ಡಬ್ಬಿಗೆ ಹಾಕಿ ಮುಚ್ಚಳ ತಿರುಗಿಸಿದರು.

"ಪ್ರೊಫೆಸರ್," ಎಂದರು. ತಮಾಷೆಗೆ ನನ್ನನ್ನು ಹಾಗೆ ಕರೆಯುತ್ತಾರೆ. ಆಗ ತಮಾಷೆ ಇರಲಿಲ್ಲ. "ನೀವು ಖಾಲಿ ಅಂದಿರಿ."

"ಖಾಲಿಯೇ ಇತ್ತು."

"ಮತ್ತ ಇದು?" ವೆಂಕಣ್ಣ ನನ್ನನ್ನೇ ನೋಡುತ್ತಿದ್ದರು.

ಒಳಗೆ ಎಷ್ಟು ಮದ್ದಿದೆಯೋ ಗೊತ್ತಿಲ್ಲ, ಹೆಗಲಿಗಿಟ್ಟು ಹೊಡೆಯುವಂತಿಲ್ಲ. ದಿಬ್ಬಕ್ಕೆ ಹೊಡೆದು ಖಾಲಿ ಮಾಡೋಣ ಎಂದರು ಕಿರೀಟ್‌ಭಾಯ್. ಟಾರ್ಚ್ ಬೆಳಕಿನಲ್ಲಿ ಕೋವಿಯನ್ನು ಹಳೆಯ ಟೈರಿಗೆ ಬಿಗಿದೆವು. ಕೇಪು ಕೂರಿಸಿ, ಟ್ರಿಗರಿಗೆ ಕಟ್ಟಿದ ಹಗ್ಗವನ್ನು ಜೀಪಿನ ಮರೆಯಿಂದ ನಾನು ಎಳೆದೆ.

ಹಗಲಿನ ಸದ್ದಿಗಿಂತ ಅದು ದಪ್ಪವಾಗಿತ್ತು... ಕೊರಕಲುಗಳಲ್ಲಿ ಬಹಳ ಹೊತ್ತು ಸುತ್ತಾಡಿತು. ಟೈರು ಅರ್ಧ ತಿರುಗಿಕೊಂಡಿತ್ತು. ಎಲ್ಲೋ ನವಿಲುಗಳು ಒಟ್ಟಿಗೆ ಕೂಗಿಕೊಂಡವು.

ಗುಂಡಿಗೆ ಸುತ್ತಿದ ಬಟ್ಟೆ ಸ್ವಲ್ಪ ಮುಂದೆ ಬಿದ್ದಿರುತ್ತದೆ. ಹುಡುಕಿ ಎತ್ತಿಕೊಂಡೆ. ಮಸಿ ಹಿಡಿದು ಪೂರ್ತಿ ಕಪ್ಪಾಗಿತ್ತು, ನಮ್ಮದೋ ಅಲ್ಲವೋ ತಿಳಿಯುವಂತಿರಲಿಲ್ಲ. ಅಂಚು ಒದ್ದೆಯಿತ್ತು. ಈಗಷ್ಟೇ ಯಾರೋ ಬಾಯಿಂದ ತೆಗೆದ ಹಾಗೆ. ಮೂಗಿಗೆ ಹಿಡಿದೆ. ಗಂಧಕದ ಅಡಿಯಲ್ಲಿ... ಲವಂಗ.

ಇಬ್ಬನಿಗೆ ಒದ್ದೆಯಾಗಿರಬಹುದು. ಊಟ ಆದಮೇಲೆ ಬಾಯಿಗೆ ಹಾಕಿಕೊಂಡ ಸೋಂಪಿನಲ್ಲಿ ಲವಂಗ ಇದ್ದಿರಬಹುದು. ಆಗಲೇ ನನಗೆ ಇದೆಲ್ಲ ಹೊಳೆದಿತ್ತು.

"ವೆಂಕಣ್ಣ, ಒಂದ್ಸಲ ಮೂಸಿ ನೋಡಿ."

"ನಾ ಮೂಸಂಗಿಲ್ಲ. ಒಗಿ ಅದನ್ನ."

ಕಿರೀಟ್‌ಭಾಯ್ ನನ್ನ ಕೈಯಿಂದ ಕಿತ್ತು ಶೆಡ್ಡಿನ ಒಲೆಗೆ ಹಾಕಿದರು.

ನಾವಿಬ್ಬರೂ ನನ್ನ ಕಾರಿನಲ್ಲಿ ವಡೋದರಾಕ್ಕೆ ವಾಪಸು ಬಂದೆವು. ಅಲ್ಕಾಪುರಿಯಲ್ಲಿ ಮನೆಯ ಮುಂದೆ ಇಳಿದ ವೆಂಕಣ್ಣ ಕಾರಿನ ಬಾಗಿಲು ಹಿಡಿದು ನಿಂತರು.

"ನಿನ್ನ ಮಾತ ನಂಬಿ ಬಾಯಿ ಇಟ್ಟಿನಪಾ," ಎಂದರು. ಸಿಟ್ಟಿನಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ಆಮೇಲೆ ಅವರು ನನ್ನ ಫೋನ್ ಎತ್ತಲಿಲ್ಲ. ಮದ್ದು ಜೀಪಿಗೆ ಹೋಗುವ ಮೊದಲೇ ನಾನು ಅಭ್ಯಾಸಬಲದಿಂದ ತುಂಬಿಟ್ಟು ಮರೆತೆ ಎನ್ನುವುದು ಕಿರೀಟ್‌ಭಾಯ್ ಅಂಬೋಣ. ತೊಳೆದದ್ದು, ಕೋಲು ಬಿಟ್ಟದ್ದು ಎಲ್ಲ ಬೇರೆ ಯಾವುದೋ ದಿನದ ನೆನಪಂತೆ. ಆಗಬಾರದು ಎಂದೇನಿಲ್ಲ. ನನ್ನ ಅಪ್ಪ ಐವತ್ತು ದಾಟುವ ಮೊದಲೇ ಮರೆಯಲು ಶುರುಮಾಡಿದರು. ಮೊದಲು ಬೀಗದ ಕೈ, ಆಮೇಲೆ ಮನೆಯ ದಾರಿ, ಕೊನೆಗೆ ನನ್ನನ್ನು. ನನಗೀಗ ನಲವತ್ತಾರು.

ಹಾಗಾಗಿ ಮುಂದಿನ ಭಾನುವಾರ ಹಗಲಿನಲ್ಲಿ ಒಬ್ಬನೇ ಹೋದೆ. ಕೈಯಲ್ಲಿ ಗುದ್ದಲಿ, ಜರಡಿ. ಸೀಸ ಮತ್ತೆ ಕರಗಿಸಲು ದಿಬ್ಬ ಅಗೆಯುವುದು ಹೊಸದಲ್ಲ, ಕಿರೀಟ್‌ಭಾಯ್ ಏನೂ ಕೇಳಲಿಲ್ಲ. ಆ ರಾತ್ರಿ ತೂರಿದ ಗುಂಡು ದಿಬ್ಬದಲ್ಲೇ ಇರಬೇಕು. ಸಿಕ್ಕವೆಲ್ಲ ನುಣ್ಣಗಿದ್ದರೆ ತುಂಬಿದವನು ನಾನೇ. ಡಾಕ್ಟರ ಹತ್ತಿರ ಹೋಗುತ್ತೇನೆ, ಇನ್ನು ಕೋವಿ ಮುಟ್ಟುವುದಿಲ್ಲ, ವೆಂಕಣ್ಣನ ಮನೆಗೆ ಹೋಗಿ ಕೈ ಮುಗಿಯುತ್ತೇನೆ. ಜರಡಿ ಹಿಡಿಯುವಾಗ ಹಾಗೇ ಆಗಲಿ ಎಂದು ಬೇಡಿಕೊಳ್ಳುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ನುಣ್ಣನೆಯವೇ ಬಂದವು. ಒಂದಾದ ಮೇಲೊಂದು, ಎಲ್ಲ ನಮ್ಮವೇ. ಸಮಾಧಾನವಾಗತೊಡಗಿತ್ತು.

ಉಳಿದವುಗಳಿಗಿಂತ ಒಂದು ಮೊಳ ಆಳದಲ್ಲಿ ಇನ್ನೊಂದು ಸಿಕ್ಕಿತು. ಒಂದು ಮಗ್ಗುಲು ಚಪ್ಪಟೆ. ಇನ್ನೊಂದು ಮಗ್ಗುಲನ್ನು ಹೆಬ್ಬೆರಳಿನಿಂದ ಒರೆಸಿದೆ. ಬೆರಳಿಗೆ ಒಡ್ಯಾಣದಂಥ ಪಟ್ಟಿ ತಾಗಿತು.

ವೆಂಕಣ್ಣನಿಗೆ ಇನ್ನೂ ಹೇಳಿಲ್ಲ. ನಾನು ಮರೆತಿರಲಿಲ್ಲ ಎಂದು ಹೇಳಲು ಹೋದರೆ, ನಳಿಗೆಯೊಳಗಿಂದ ಅವರ ಬಾಯಿಗೆ ಊದಿದವರು ಯಾರು ಎಂದು ಕೇಳುತ್ತಾರೆ.

ದಿಬ್ಬದ ಮಣ್ಣಿನಲ್ಲಿ ಯಾವ ಕಾಲದ್ದೋ ಗುಂಡು ಮೊದಲೇ ಸೇರಿರಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಅದನ್ನೇ ಹಿಡಿದುಕೊಂಡಿದ್ದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಬಿದ್ದ ಸೀಸಕ್ಕೆ ಬಿಳಿ ಪುಡಿ ಕಟ್ಟುತ್ತದೆ. ಇದು ನನ್ನ ಕಸುಬಿನ ವಿಷಯ, ಇಲ್ಲಿ ನೆನಪಿನ ಹಂಗಿಲ್ಲ. ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಪಟ್ಟಿಯ ಸಂದುಗಳನ್ನೆಲ್ಲ ನೋಡಿದೆ, ಮಾರನೆಯ ದಿನ ಇನ್ನೊಮ್ಮೆ ನೋಡಿದೆ. ಬಿಳಿ ಪುಡಿ ಎಲ್ಲೂ ಇಲ್ಲ. ಅಚ್ಚನ್ನೇ ಯಾರೂ ಕಾಣದ ಆ ಗುಂಡು ಹೊಸದಾಗಿ ಎರಕ ಹೊಯ್ದ ಸೀಸ.