ಕೈ ಎತ್ತಿ ಮಾಡಿದ ಆಣೆ

ಹಂದಿಜ್ವರದ ವರ್ಷ ಅದು. ಟಿವಿ ಹಾಕಿದರೆ ಸಾಕು, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಪುಣೆಯ ಜನ. ನಮ್ಮ ಭಾವಿಕೇರಿಯಲ್ಲಿ ಒಬ್ಬರಿಗೂ ಆ ಜ್ವರ ಬಂದಿರಲಿಲ್ಲ, ಹೆದರಿಕೆ ಮಾತ್ರ ಮನೆಮನೆಗೂ ಬಂದಾಗಿತ್ತು. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಒಂದು ಮಗು ಸೀನಿದರೆ ಪಕ್ಕದವು ಬೆಂಚು ಬಿಟ್ಟು ಏಳುತ್ತಿದ್ದವು. ಗದರಿಸಿ ಗದರಿಸಿ ನನ್ನ ಗಂಟಲೇ ಕಟ್ಟಿತ್ತು.

ಒಂದು ಸಂಜೆ ನಾನೂ ಅತ್ತೆಯೂ ಅಂಕೋಲೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಲ್ಲೇ ಪಕ್ಕದಲ್ಲಿ ಒಬ್ಬ ಮುಖಂಡರ ಭಾಷಣ ನಡೆದಿತ್ತು. "ಇದು ರೋಗ ಅಲ್ಲ, ಯುದ್ಧ! ನಿಮ್ಮ ಮಕ್ಕಳು ನನ್ನ ಮಕ್ಕಳು. ಹೊರಗಿಂದ ಬರುವ ಈ ಶತ್ರುವನ್ನು ಮನೆಯೊಳಗೆ ಬಿಡಬೇಡಿ," ಎನ್ನುತ್ತಾ ಅವರು ಕಣ್ಣೊರೆಸಿಕೊಂಡರು. ನಾಟಕವಲ್ಲ, ನಿಜವಾದ ಅಳುವೇ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆಮೇಲೆ ನಮ್ಮ ಕೇರಿಯವರೂ ಸೇರಿ ಅಲ್ಲಿದ್ದ ಎಲ್ಲರಿಂದಲೂ ಕೈ ಎತ್ತಿಸಿ, ಒಳಗೆ ಬಿಡುವುದಿಲ್ಲವೆಂದು ಮಕ್ಕಳ ಮೇಲೆ ಆಣೆ ಮಾಡಿಸಿದರು. ಅತ್ತೆ ಅಳುತ್ತಲೇ ಎರಡೂ ಕೈ ಎತ್ತಿದರು. ನಮ್ಮ ಮನೆಗೆ ಮೀನು ತರುವವಳು ಖಾಲಿ ಬುಟ್ಟಿ ಹಿಡಿದುಕೊಂಡು ನಮ್ಮ ಮುಂದೆಯೇ ನಿಂತಿದ್ದಳು. ಅವಳೂ ಎತ್ತಿದಳು.

"ಜ್ವರ ಬಂದ್ರೆ ಏನು ಮಾಡ್ಬೇಕು, ಎಲ್ಲಿಗೆ ಹೋಗ್ಬೇಕು, ಅದನ್ನ ಹೇಳ್ಲೇ ಇಲ್ಲವಲ್ಲ ಈ ಮನುಷ್ಯ," ಎಂದು ನಾನು ಗೊಣಗಿದೆ.

"ಸುಮ್ನಿರೇ. ಪಾಪ, ಅವ್ರ ಕಣ್ಣಲ್ಲಿ ನೀರು ಬಂತು, ಕಾಣ್ಲಿಲ್ವನೇ ನಿಂಗೆ?" ಎಂದು ಅತ್ತೆ ನನ್ನ ಬಾಯಿ ಮುಚ್ಚಿಸಿದರು.

ವಾರ ಕಳೆಯುವುದರೊಳಗೆ ಸುದ್ದಿ ಬಂತು: ಮೀನಿನವಳ ಗಂಡ ಗೋವಾದ ಬೋಟಿನಿಂದ ಜ್ವರ ಹಿಡಿಸಿಕೊಂಡು ಬಂದಿದ್ದಾನಂತೆ. ಆ ರವಿವಾರ ಅವಳು ನಮ್ಮ ಕೇರಿಗೆ ಬಂದಾಗ ಒಂದು ಬಾಗಿಲೂ ತೆರೆಯಲಿಲ್ಲ. ತುಂಬಿದ ಬುಟ್ಟಿಯನ್ನು ತಲೆಯಿಂದ ಇಳಿಸಲು ಇನ್ನೊಬ್ಬರ ಕೈ ಬೇಕು. ಮೀನು ಕೊಳ್ಳುವವರೇ ಬಂದು ಒಂದು ಕಡೆ ಹಿಡಿಯುವುದು ನಮ್ಮಲ್ಲಿ ರೂಢಿ. ಕೈ ಕೊಡುವವರಿಲ್ಲದೆ ಅವಳು ಭಾರ ಹೊತ್ತುಕೊಂಡೇ ಕೇರಿಯ ಉದ್ದಕ್ಕೂ ನಡೆದು ಬಂದು ನಮ್ಮ ಅಂಗಳದ ಹೊರಗೆ ನಿಂತಳು. ಬುಟ್ಟಿಯ ನೀರು ಸೋರಿ ರವಿಕೆಯೆಲ್ಲ ಒದ್ದೆಯಾಗಿತ್ತು.

ನಾನು ಎದ್ದೆ. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದು ನಿಂತಿದ್ದರು. ಇವರು ನನ್ನನ್ನು ಬಿಡುವುದಿಲ್ಲ, ಇವತ್ತು ಜಗಳವೇ ಸೈ ಎಂದುಕೊಂಡೆ. ಅವರು ಅವಳನ್ನೇ ನೋಡುತ್ತಾ ಒಂದು ಗಳಿಗೆ ನಿಂತರು. ಮರುಗಳಿಗೆಯೇ "ಅಯ್ಯೋ ದೇವ್ರೇ, ಕುತ್ತಿಗೆ ಮುರ್ದು ಹೋಗೂದಲ್ಲೇ ಇವ್ಳದು!" ಎನ್ನುತ್ತಾ ದಡಬಡನೆ ಇಳಿದು ಹೋಗಿ ಬುಟ್ಟಿಗೆ ಕೈ ಹಾಕಿದರು.

ಬುಟ್ಟಿ ಇಳಿದ ಮೇಲೆ ನಾನು ಕೇಳಿದೆ, "ಗಂಡ ಹ್ಯಾಂಗಿದಾನೆ?"

"ಹೊರಗಿದಾನೆ ಅಕ್ಕೋರೇ."

"ಹೊರಗೆ ಅಂದ್ರೆ?"

"ದೋಣಿ ಇಡೂ ಚಪ್ಪರದಲ್ಲಿ. ನಾ ಮಕ್ಕಳ ಮೇಲೆ ಆಣೆ ಮಾಡಿದ್ನಲ್ಲ, ನಾನೇ ಅಂವನ್ನ ಒಳಗೆ ಕರೀಲಿಲ್ಲ. ಗಂಜಿ ದೂರ ಇಟ್ಟು ಬತ್ತೆ. ಮಳೆ ಹೊಡದಾಗೆಲ್ಲ ಅಂವ ಕೆಮ್ಮೂದು ಒಳಗೆ ಕೇಳ್ತದೆ. ಅಂವ ಸತ್ತೇಹೋದ್ರೆ ನಾ ಏನ್ ಮಾಡೂದ್ರಾ?" ಎಂದು ಅವಳು ಅಲ್ಲೇ ಕೂತು ಅಳತೊಡಗಿದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಅಂದು ಕೈ ಎತ್ತಿದ ನಮ್ಮ ಕೇರಿಯವರಿಗೆ ಆಣೆ ಎಂದರೆ ಇವಳ ಮುಖಕ್ಕೆ ಬಾಗಿಲು ಹಾಕುವುದು, ಅಷ್ಟೇ. ಇವಳು ತನ್ನ ಜೀವಕ್ಕೆ ಜೀವವಾದವನನ್ನೇ ಹೊರಗಿಟ್ಟಿದ್ದಳು. ಆದರೆ ಕೇರಿಯವರನ್ನಾದರೂ ಏನೆಂದು ಬೈಯುವುದು? ಅವರ ಮನೆಗಳಲ್ಲೂ ಮಕ್ಕಳಿದ್ದವು, ಪಾಪ.

"ಆ ಭಾಷಣದವ್ರು ಅತ್ತು, ಕಾರು ಹತ್ತಿ ಹೋದ್ರಲ್ಲೇ ಮಾರಾಯ್ತಿ!" ಎಂದರು ಅತ್ತೆ. "ಮಳೇಲಿ ಬಿದ್ಕಂಡವ ನಿನ್ನ ಗಂಡ. ಆಣೆಗೀಣೆ ಎಲ್ಲ ನನ್ನ ತಲೆ ಮೇಲೆ ಬರ್ಲಿ, ಏಳು." ಆಮೇಲೆ ನನ್ನ ಕಡೆ ತಿರುಗಿ, "ನೀ ಎಂಥ ಕಣ್ಣು ಬಿಟ್ಕಂಡು ನಿಂತಿದ್ಯೇ? ರಿಕ್ಷಾ ಕರಿ!" ಎಂದು ನನ್ನ ಮೇಲೇ ರೇಗಿದರು. ಆ ಹೊತ್ತು ಅವರನ್ನು ಅಪ್ಪಿಕೊಳ್ಳಬೇಕೆನ್ನಿಸಿತು.

ಚಪ್ಪರದಿಂದ ಎಬ್ಬಿಸಿ ತಂದ ಅವಳ ಗಂಡ ರಿಕ್ಷಾದಲ್ಲಿ ಯಾರಿಗೂ ತಾಗದ ಹಾಗೆ ಮುದುಡಿ ಕೂತಿದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿದರು. ಇದು ಆ ಜ್ವರವಲ್ಲ, ನೆನೆದು ನೆನೆದು ಕಫ ಕಟ್ಟಿದೆ ಎಂದು ಗುಳಿಗೆ ಬರೆದುಕೊಟ್ಟರು. "ಆ ಜ್ವರವೇ ಆಗಿದ್ರೂ ಮನೇಲೇ ಒಂದು ಮೂಲೇಲಿ ಬೆಚ್ಚಗೆ ಮಲಗಿಸ್ಬೇಕಮ್ಮ. ಮಳೇಲಿ ಹಾಕು ಅಂತ ಯಾರು ಹೇಳಿದ್ದು?" ಎಂದರು. ಅವಳು ಗುಳಿಗೆಯ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಕಡಲ ದಂಡೆಯ ಅವರ ಮನೆಯವರೆಗೂ ನಾವು ಹೋದೆವು. ಅವಳು ಮುಂದಾಗಿ ಓಡಿಹೋಗಿ ಚಾಪೆ ಹಾಸಿ, ಕಂಬಳಿ ಕೊಡವಿ, ಬಾಗಿಲಿಗೆ ಬಂದಳು. ಮಕ್ಕಳಿಬ್ಬರು ಅವಳ ಹಿಂದಿನಿಂದ ಇಣುಕಿ ಅಪ್ಪನನ್ನು ನೋಡುತ್ತಿದ್ದರು. ಅವನು ಮೆಟ್ಟಿಲ ಕೆಳಗೇ ನಿಂತುಬಿಟ್ಟ. ತಾನೇ ಕಟ್ಟಿದ ಮನೆಯ ಮುಂದೆ ನಿಂತು, ಹೆಂಡತಿಯ ಮುಖ ನೋಡಿ, ಮೆತ್ತಗೆ ಕೇಳಿದ:

"ಬರ್ಲನೇ?"