ನಾಗುವಿಗೆ ಸಿಗದ ಕೋರ್ಟು

ನಾಗು ಗೌಡ ರಾಜ್ಯದ ಸ್ಕ್ವಾಷ್ ಚಾಂಪಿಯನ್ ಆಗಿ ಅಮದಳ್ಳಿಯಲ್ಲಿ ಬಸ್ಸಿಳಿದ ದಿನ, ಪಕ್ಕದ ಮನೆಯ ಜಟ್ಟು ಗೌಡ ಕೇಳಿದ್ದು ಒಂದೇ: "ಅದೆಂತ, ಕೋಕಂ ಸ್ಕ್ವಾಷ್ ಮಾಡೂ ಸ್ಪರ್ಧೆಯಾ?" ಹತ್ತೊಂಬತ್ತರ ಹುಡುಗಿ ಕಪ್ಪನ್ನು ಚೀಲಕ್ಕೆ ತುರುಕಿಕೊಂಡು ಸೀದಾ ಮನೆಗೆ ಹೋದಳು.

ತಾಯಿ ಕಾಮಿ ಅಧಿಕಾರಿಗಳ ಕ್ಲಬ್ಬೊಂದರ ತೋಟದಲ್ಲಿ ದಿನಗೂಲಿ ಮಾಡುತ್ತಿದ್ದಳು. ಹನ್ನೊಂದನೇ ವಯಸ್ಸಿನಲ್ಲಿ, ಶಾಲೆಯ ರಜೆಯಲ್ಲಿ ಅವಳ ಜೊತೆ ಹೋಗಿದ್ದ ನಾಗು, ನಾಲ್ಕು ಗೋಡೆಗಳ ನಡುವೆ ಇಬ್ಬರು ಪುಟ್ಟ ಕರಿ ಚೆಂಡನ್ನು ಹೊಡೆದಾಡುವುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟಳು. ಕೋರ್ಟು ನೋಡಿಕೊಳ್ಳುತ್ತಿದ್ದವನು ಕೋಡಿಬಾಗದ ದೇವಿದಾಸ. ಸಾಹೇಬರೆಲ್ಲ ಊಟಕ್ಕೆ ಹೋದ ಮೇಲೆ, "ಬಾ ಬಾಯೋ, ನೀನೂ ಹೊಡಿ" ಎಂದು ಹಳೇ ರ‍್ಯಾಕೆಟ್ಟು ಕೊಟ್ಟ. ಎಂಟು ವರ್ಷ ಆ ಊಟದ ಹೊತ್ತೇ ಅವಳ ಶಾಲೆ. ಚೆಂಡನ್ನು ಎತ್ತರಕ್ಕೆ ಎತ್ತಿ, ಎದುರಾಳಿಯ ತಲೆಯ ಮೇಲಿಂದ ಹಿಂದಿನ ಮೂಲೆಗೆ ಇಳಿಸುವ ಲಾಬ್ ಹೊಡೆತದಲ್ಲಿ ರಾಜ್ಯದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಅವಳು ಚಾಂಪಿಯನ್ ಆದ ವರ್ಷವೇ ದೇವಿದಾಸ ನಿವೃತ್ತನಾದ. ಕೂಲಿಯವರ ಮಕ್ಕಳು ಒಳಗೆ ಬರಬಾರದು ಎಂದು ಕ್ಲಬ್ಬಿಗೆ ಬಂದ ಹೊಸಬರು ಹೇಳಿದರು. ಚಾಂಪಿಯನ್ ಎಂದು ಪತ್ರಿಕೆಯ ತುಂಡು ತೋರಿಸಿದರೂ ಗೇಟು ತೆರೆಯಲಿಲ್ಲ. ಕೋಡಿಬಾಗದ ಪಾಳುಬಿದ್ದ ಗೋದಾಮಿನ ಗೋಡೆಗೆ ಚೆಂಡು ಹೊಡೆಯತೊಡಗಿದಳು. ಒರಟು ಚಿರೆಕಲ್ಲಿನ ಗೋಡೆ, ಚೆಂಡು ಎತ್ತೆತ್ತಲೋ ಸಿಡಿಯುತ್ತಿತ್ತು. ಹಿಂದೆ ಗೋಡೆಯೇ ಇಲ್ಲದಲ್ಲಿ ಹಿಂದಿನ ಮೂಲೆಯ ಆಟ ಹೇಗೆ ಉಳಿದೀತು? ಮರುವರ್ಷ ಫೈನಲ್‌ನಲ್ಲಿ ಸೋತಳು, ಅದರ ಮರುವರ್ಷ ಫೈನಲ್‌ಗೂ ಮೊದಲೇ.

ಆಗ ಅಂಕೋಲೆಯ ಒಂದು ಟ್ರಸ್ಟಿನವರು ಕೋರ್ಟು ಕಟ್ಟಿಸುತ್ತೇವೆಂದು ಮುಂದೆ ಬಂದರು. ನಾಗು ಅಳತೆಗಳನ್ನೆಲ್ಲ ತನ್ನ ಕೈಯಾರೆ ಬರೆದುಕೊಟ್ಟಳು: ಚಾವಣಿ ಹದಿನೆಂಟೂವರೆ ಅಡಿ. ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದಳು. ಮೂರು ವರ್ಷ ಕಾದಳು.

ಉದ್ಘಾಟನೆಗೆ ಅವಳನ್ನೇ ಕರೆದರು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೊದಲ ಹೊಡೆತ ಹೊಡಿ ಎಂದರು. ಒಳಗೆ ಕಾಲಿಟ್ಟವಳು ತಲೆಯೆತ್ತಿ ನೋಡಿದಳು. ಲಾಬ್ ಎತ್ತಿದಳು. ಚೆಂಡು ಚಾವಣಿಗೆ ಬಡಿದು ಅಧ್ಯಕ್ಷರ ಕಾಲ ಬಳಿ ಬಿತ್ತು. ಜನ ಚಪ್ಪಾಳೆ ತಟ್ಟಿದರು.

"ಇದು ಹನ್ನೆರಡು ಅಡಿಯೂ ಇಲ್ಲ" ಎಂದಳು ನಾಗು.

"ಮೇಲೆ ಮದುವೆ ಹಾಲ್ ಬರ್ತದೆ ತಂಗಿ" ಎಂದರು ಅಧ್ಯಕ್ಷ ಸಾಯಿನಾಥ ನಾಯಕರು, ನಗುತ್ತಲೇ. "ಸ್ವಲ್ಪ ಕೆಳಗೆ ಹೊಡೆದ್ರಾಯ್ತು, ಅಲ್ದಾ?"

"ನಾನು ಬರ್ದು ಕೊಟ್ಟಿದ್ನಲ್ರೀ! ಎರಡು ಗೆರೆ ಎಳ್ದಿದ್ದೆ!"

ಮೈಕು ಹತ್ತಿರವೇ ಇತ್ತು. ಅವಳ ಕೂಗು ಹೊರಗೂ ಕೇಳಿಸಿತು. ಶಾಲು, ಬುಟ್ಟಿ ಎರಡನ್ನೂ ಕುರ್ಚಿಯ ಮೇಲಿಟ್ಟು ಹೊರಬಿದ್ದಳು. ಉದ್ಘಾಟನೆ ನೋಡಲು ಬಂದಿದ್ದ ದೇವಿದಾಸ ಬಸ್‌ಸ್ಟ್ಯಾಂಡಿನಲ್ಲಿ, "ಮರ್ಯಾದೆಗಾದ್ರೂ ಎರಡು ನಿಮಿಷ ಆಡ್ಬೇಕಿತ್ತು ಬಾಯೋ" ಎಂದ. "ಯಾರ ಮರ್ಯಾದೆ ಮಾಮಾ?" ಎಂದು ಅವನ ಮೇಲೂ ರೇಗಿದಳು. ರೇಗಿದ್ದಕ್ಕೆ ಅವಳಿಗೇ ಅಳು ಬಂತು.

ಆ ಕೋರ್ಟಿನಲ್ಲಿ ಈಗ ಮದುವೆ ಹಾಲಿನ ಕುರ್ಚಿಗಳನ್ನು ಪೇರಿಸಿಟ್ಟಿದ್ದಾರೆ.

ನಾಗುವಿಗೆ ಇಪ್ಪತ್ತಾರು. ಬೆಳಗಿನ ಪ್ಯಾಸೆಂಜರ್ ರೈಲು ಹಿಡಿದು ಗೋವಾದ ಮಡಗಾಂವಿಗೆ ಹೋಗುತ್ತಾಳೆ. ಅಲ್ಲಿಯ ಕ್ಲಬ್ಬೊಂದರಲ್ಲಿ ಮಕ್ಕಳಿಗೆ ಕಲಿಸುತ್ತಾಳೆ, ಮಧ್ಯಾಹ್ನ ತಾನು ಆಡುತ್ತಾಳೆ. ಲಾಬ್ ಮೆಲ್ಲಗೆ ಕೈಗೆ ಮರಳುತ್ತಿದೆ. ಇನ್ನು ಮುಂದೆ ಗೋವಾದ ಪರವಾಗಿ ಆಡು ಎಂದು ಆ ಕ್ಲಬ್ಬಿನವರು ಕೊಟ್ಟ ಫಾರ್ಮು ನಾಲ್ಕು ತಿಂಗಳು ಚೀಲದಲ್ಲೇ ಇತ್ತು. ಕಳೆದ ಸೋಮವಾರ ಸಹಿ ಹಾಕಿದಳು.

"ಹಂಗಾರೆ ನೀ ಇನ್ನು ನಮ್ಮೂರ ಚಾಂಪಿಯನ್ ಅಲ್ಲ ಅಂತಾಯ್ತಾ?" ಕೇಳಿದಳು ಕಾಮಿ.

"ಊರವರು ಯಾವಾಗ ಹಂಗೆ ಅಂದಿದ್ರು ಅವ್ವಿ?"

ಕಾಮಿ ಮಗಳ ತಟ್ಟೆಗೆ ಅನ್ನ ಬಡಿಸಿ, ಸಾರಿನ ಪಾತ್ರೆ ತರಲು ಒಳಗೆ ಹೋದವಳು ತುಂಬ ಹೊತ್ತು ಒಲೆಯ ಮುಂದೆಯೇ ನಿಂತಿದ್ದಳು.