ಬೇಗಡೆ ತೋರಣ ಮತ್ತು ನಾಲ್ಕು ಅಡ್ಡಗೆರೆ

ಬದಲಾಪುರದಿಂದ ಹೊರಟು ಕಲ್ಯಾಣದಲ್ಲಿ ಮುಂಬಯಿ ಲೋಕಲ್ ಗಾಡಿ ಬದಲಿಸಿ ಶಹಾಡಿನ ಕಾರ್ಖಾನೆ ಮುಟ್ಟುವಷ್ಟರಲ್ಲಿ ನಾನು ಮನೆಗೆ ಎರಡು ಫೋನ್ ಮಾಡಿರುತ್ತೇನೆ. ಗ್ಯಾಸ್ ಬಂದ್ ಮಾಡಿದ್ದೀಯಾ ಎಂದು ಒಂದು, ನಿಜವಾಗಿಯೂ ನೋಡಿ ಹೇಳಿದೆಯಾ ಎಂದು ಇನ್ನೊಂದು. ಇಂಥವನನ್ನು ಕಾರ್ಖಾನೆಯವರು ಬಿಸಿ ಅಳೆಯುವ ಕೆಲಸಕ್ಕೇ ಹಾಕಿದ್ದರು.

ಬಣ್ಣದ ಪುಡಿ ಒಣಗಿಸುವ ದೊಡ್ಡ ಡ್ರಮ್ ಅದು. ಸದಾ ತಿರುಗುತ್ತಿರುವುದರಿಂದ ವೈರ್ ಎಳೆಯುವಂತಿಲ್ಲ, ಒಳಗಿನ ಕಾವಿಗೆ ಬ್ಯಾಟರಿ ಬಾಳುವುದಿಲ್ಲ. ಅದಕ್ಕೆಂದೇ ಎರಡೂ ಬೇಡದ ಪುಟ್ಟ ಹರಳಿನ ಸೆನ್ಸರನ್ನು ಒಳಗೆ, ಅದರ ಆಂಟೆನಾವನ್ನು ಹೊರಮೈ ಮೇಲೆ ಕೂರಿಸಿದ್ದೆವು. ಎದುರಿನ ಕಂಬದ ಪೆಟ್ಟಿಗೆ ರೇಡಿಯೊ ಅಲೆ ಕಳಿಸುತ್ತದೆ. ಆ ಅಲೆಯ ಬಲದಲ್ಲೇ ಹರಳು ಮರುದನಿ ಕೊಡುತ್ತದೆ. ಬಿಸಿ ಏರಿದಂತೆ ಮರುದನಿ ಬದಲಾಗುತ್ತದೆ, ಪರದೆ ಅದನ್ನು ಅಂಕಿಯಾಗಿ ತೋರಿಸುತ್ತದೆ.

ಅಂಕಿ ಸ್ವಲ್ಪ ಕುಣಿದದ್ದಕ್ಕೇ ಆ ತಿಂಗಳು ಎರಡು ಸಲ ಡ್ರಮ್ ನಿಲ್ಲಿಸಿದ್ದೆ. ಎರಡು ಸಲವೂ ಒಳಗೆ ಏನೂ ಆಗಿರಲಿಲ್ಲ. ನಡುವೆ ನಿಂತರೆ ಪುಡಿ ಹೆಂಟೆಗಟ್ಟಿ ಇಡೀ ಬ್ಯಾಚ್ ಹಾಳು. ಮೂರನೆಯ ಸಲ ಹೀಗಾದರೆ ಸೆನ್ಸರನ್ನು ಕಿತ್ತು ನನ್ನನ್ನು ಸ್ಟೋರಿಗೆ ಕಳಿಸುವುದಾಗಿ ಮ್ಯಾನೇಜರ್ ಚಹಾ ಕುಡಿಸಿಯೇ ಹೇಳಿದ್ದರು.

ಆಯುಧಪೂಜೆ, ದಸರೆ ಮುಗಿದು ಡ್ರಮ್ ಶುರುವಾಗಿ ಒಂದು ಗಂಟೆಯಾಗಿತ್ತು. ಏರುತ್ತಿದ್ದ ಅಂಕಿ ಇದ್ದಕ್ಕಿದ್ದಂತೆ ಮಾಯವಾಗಿ ನಾಲ್ಕು ಅಡ್ಡಗೆರೆ ಬಂದವು. ಆ ಪುಡಿ ಮಿತಿ ಮೀರಿ ಕಾದರೆ ಒಳಗೊಳಗೇ ಹೊತ್ತಿಕೊಳ್ಳುತ್ತದೆ. ಹರಳು ಸುಟ್ಟುಹೋದರೂ ನಾಲ್ಕು ಗೆರೆ, ಸುಮ್ಮನೆ ಮುನಿಸಿಕೊಂಡರೂ ನಾಲ್ಕು ಗೆರೆ.

ಡ್ರಮ್ ನಡೆಸುವವರು ಬಾಗಲಕೋಟೆಯವರು, ನನಗಿಂತ ಹಿರಿಯರು. ಬಿಸಿ ನೋಡುವ ಗನ್ ಹಿಡಿದು ಹೊರಮೈ ಸರಿಯಿದೆ ಎಂದರು. ಒಳಗೆ ಹೇಗಿದೆ ಎಂದು ಕೇಳಿದೆ.

"ಒಳಗಿಂದು ನನಗೇನ್ ಗೊತ್ರೀ ಸಾಹೇಬ್ರ? ಬಂದ್ ಮಾಡು ಅಂದ್ರ ಮಾಡ್ತೀನಿ. ಲಗೂನ ಹೇಳ್ರಿ, ಹಿಂಗ ಹಣಿ ಒರಸ್ಕೋತ ನಿಂದರಬ್ಯಾಡ್ರಿ."

ಹತ್ತು ನಿಮಿಷ ಒರೆಸಿಕೊಂಡೆ. ಬೆಂಕಿಯೂ ಕಣ್ಣಿಗೆ ಕಟ್ಟಿತು, ಸ್ಟೋರಿನ ಕಿಟಕಿಯಿಲ್ಲದ ಕೋಣೆಯೂ ಕಟ್ಟಿತು. ನಾಚಿಕೆಯ ಮಾತೆಂದರೆ, ಸ್ಟೋರೇ ಮೊದಲು ಬಂತು. ಕೊನೆಗೆ ನಿಲ್ಲಿಸಿ ಎಂದೆ.

ತಣಿಸಿ ಬಾಗಿಲು ತೆರೆದರೆ ಸುಟ್ಟ ವಾಸನೆಯೂ ಇಲ್ಲ. ಪುಡಿ ಮಾತ್ರ ಇಟ್ಟಿಗೆಯಾಗಿತ್ತು. ಆಮೇಲೆ ಕಂಬದ ಕಡೆ ನೋಡಿದೆ. ಪೂಜೆಗೆ ಕಂಬಕ್ಕೆ ಕಟ್ಟಿದ್ದ ಮಿರುಗುವ ಬೇಗಡೆ ತೋರಣ ಡ್ರಮ್ಮಿನ ಅದುರಾಟಕ್ಕೆ ಜಾರಿ ಪೆಟ್ಟಿಗೆಯ ಮುಖಕ್ಕೆ ಸುತ್ತಿಕೊಂಡಿತ್ತು. ಲೋಹದ ಪದರ ಮುಚ್ಚಿದರೆ ಅಲೆ ದಾಟೀತೆ? ಬಿಡಿಸಿ ಡ್ರಮ್ಮನ್ನು ಒಂದು ಸುತ್ತು ತಿರುಗಿಸಿದೆವು. ಅಂಕಿ ಸಾಧುವಾಗಿ ಬಂತು.

ಚೆಂಡುಹೂ ಒಣಗಿ ಹೊತ್ತಿಕೊಂಡೀತು, ಬೇಡವೇ ಬೇಡ ಎಂದು ಹಟ ಹಿಡಿದು, ಕಲ್ಯಾಣದ ಪೇಟೆಯಿಂದ ಆ ತೋರಣ ತಂದು ಕಟ್ಟಿದವನು ನಾನೇ.

ಯಾರು ಕಟ್ಟಿದ್ದು ಎಂದು ಮ್ಯಾನೇಜರ್ ಮರಾಠಿಯಲ್ಲಿ ಕೇಳಿದಾಗ, ಬಾಗಲಕೋಟೆಯವರು ನನ್ನತ್ತ ನೋಡದೆ, ಎಲ್ಲರೂ ಸೇರಿ ಕಟ್ಟಿದ್ದು ಎಂದುಬಿಟ್ಟರು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಸಿಕ್ಕಿಬೀಳುವ ಭಯವನ್ನು ದಿನವೂ ಹೊರುವುದು ನನ್ನಿಂದಾಗದು, ನಾನೇ ಎಂದೆ. ಅದನ್ನು ಪ್ರಾಮಾಣಿಕತೆ ಎಂದು ಯಾರೂ ತಪ್ಪು ತಿಳಿಯಬಾರದು.

ಮ್ಯಾನೇಜರ್ ಪರದೆಯ ಅಂಕಿ ನೋಡಿ, ಸೆನ್ಸರ್ ಇರಲಿ, ಅದರ ತಪ್ಪೇನೂ ಇಲ್ಲ ಎಂದರು.

ಈಗ ಸ್ಟೋರಿನಲ್ಲಿದ್ದೇನೆ. ಬಾಗಲಕೋಟೆಯವರು ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು ಡ್ರಮ್ಮಿನ ಅಂಕಿ ಹೇಳಿ ಹೋಗುತ್ತಾರೆ. ಅವರು ಬರುವುದು ತಡವಾದ ದಿನ ನನಗೆ ಅನ್ನ ಇಳಿಯುವುದಿಲ್ಲ.